ಬೋರಣ್ಣನ ಕಣ್ಕಟ್ಟು ಮತ್ತು ನನ್ನ ಮ್ಯಾನೇಜರಿಕೆ

ಟೀವಿ ಧಾರಾವಾಹಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಅಂದರೆ ಏನು ಕೆಲಸ ಎಂದು ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ. ಯೂನಿಟ್ಟಿನಲ್ಲಿ ಯಾರ ಕೆಲಸವೂ ಅಲ್ಲದ್ದು ಏನೇನಿದೆಯೋ ಅದೆಲ್ಲ ಮ್ಯಾನೇಜರನ ಕೆಲಸ. ಎಮ್ಮೆ ಬೇಕು ಅಂದರೆ ಎಮ್ಮೆ ಹೊಡೆದುಕೊಂಡು ಬರಬೇಕು. ದೃಶ್ಯ ಬದಲಾಯಿತು, ಎಮ್ಮೆ ಬೇಡ ಅಂದರೆ ಅದರ ಒಡೆಯನಿಗೂ ಎಮ್ಮೆಗೂ ಬೇಸರವಾಗದ ಹಾಗೆ ವಾಪಸು ಕಳಿಸಬೇಕು. ಮಳೆ ಬೇಕು ಅಂದರೆ ಟ್ಯಾಂಕರು, ನಿಜವಾದ ಮಳೆ ಬಂದರೆ ಟಾರ್ಪಾಲು. ಊಟ ತಡವಾದರೆ ಬೈಗುಳ ನಮಗೆ, ಊಟ ಚೆನ್ನಾಗಿದ್ದರೆ ಹೊಗಳಿಕೆ ಅಡುಗೆಯವನಿಗೆ.

ನನ್ನೂರು ಬಾಬುರಾಯನಕೊಪ್ಪಲು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಯಾರ ಮನೆಯ ಜಗಲಿ ಅಗಲ, ಯಾರ ತೋಟಕ್ಕೆ ಲಾರಿ ಹೋಗುತ್ತದೆ, ಯಾರ ನಾಯಿ ಕಚ್ಚುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಆ ಒಂದು ವಿದ್ಯೆಯ ಮೇಲೆ ಈ ಕೆಲಸ ಸಿಕ್ಕಿತು; ಮೊಣಕಾಲು ಸೋಲುವವರೆಗೂ ಮಾಡಿದೆ. ಯಾವಾಗ ಸೇರಿದೆ, ಯಾವಾಗ ಮೇಲಕ್ಕೆ ಹೋದೆ ಎಂಬುದರಲ್ಲಿ ನಿಮಗೆ ಕಲಿಯುವುದೇನೂ ಇಲ್ಲ. ಕಲಾವಿದನಿಗೆ ಕಲೆಯ ಜೊತೆಗೆ ಇನ್ನೊಂದು ಹುಚ್ಚು ಇದ್ದರೆ ಮ್ಯಾನೇಜರನ ಗತಿ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ. ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ನಾನು ಬಹುಕಾಲ ದುಡಿದದ್ದು ಒಂದು ಹಳ್ಳಿ ಆಸ್ಪತ್ರೆಯ ಕಥೆಯಿದ್ದ ಹಾಸ್ಯ ಧಾರಾವಾಹಿಯಲ್ಲಿ. ಅದರಲ್ಲಿ ಕಾಂಪೌಂಡರ್ ಪಾತ್ರ ಮಾಡುತ್ತಿದ್ದವರು ಪಾಂಡವಪುರದ ಬೋರಲಿಂಗಯ್ಯ. ನಮಗೆಲ್ಲ ಬೋರಣ್ಣ. ಕೆಳತುಟಿ ಒಂಚೂರು ಮುಂದೆ, ಕಿವಿ ಎರಡೂ ಹೊರಗೆ, ಹುಬ್ಬು ಮಾತ್ರ ತನ್ನಿಷ್ಟಕ್ಕೆ ಮೇಲೆ ಕೆಳಗೆ ಓಡಾಡುವಂಥದ್ದು. ಅವರು ‘ನಮಸ್ಕಾರ’ ಅಂದರೂ ಜನ ನಗುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಸಾಕು, “ಕಾಂಪೌಂಡ್ರೇ, ಮಂಡಿನೋವ್ಗೆ ಏನಾರ ಕೊಡಿ” ಎಂದು ಸುತ್ತಿಕೊಳ್ಳುತ್ತಿದ್ದರು. ಬೋರಣ್ಣ ಗಂಭೀರವಾಗಿ, “ನೋಯೋ ಮಂಡಿ ಬುಟ್ಟು ಇನ್ನೊಂದ್ರಲ್ಲಿ ನಡೀರಿ” ಅನ್ನುತ್ತಿದ್ದರು. ಕೇಳಿದವರು ಮಂಡಿನೋವು ಮರೆತು ನಗುತ್ತಿದ್ದರು.

ಟೀವಿ ನೋಡುವವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಬೋರಣ್ಣನಿಗೆ ಜಾದೂ ಹುಚ್ಚು. ಹುಚ್ಚು ಅಂದರೆ ಸಣ್ಣದಲ್ಲ.

ಅದು ನನಗೆ ಗೊತ್ತಾದದ್ದು ಕಿರಂಗೂರಿನಲ್ಲಿ. ಒಂದು ಮನೆಯ ಜಗಲಿಯ ಮೇಲೆ ಕಾಂಪೌಂಡರ್ ಕೂತು ಒಬ್ಬ ರೋಗಿಗೆ ಚಮಚದಲ್ಲಿ ಔಷಧಿ ಕುಡಿಸುವ ದೃಶ್ಯ. ದೂರದಿಂದ ಒಮ್ಮೆ ತೆಗೆದಾಯಿತು. ಹತ್ತಿರದಿಂದ ತೆಗೆಯಲು ಕ್ಯಾಮೆರಾ ಸರಿಸುವಷ್ಟರಲ್ಲಿ ಬೋರಣ್ಣನ ಕೈಯಲ್ಲಿ ಚಮಚ ಇಲ್ಲ. ಅವರು ಎದ್ದಿಲ್ಲ, ಬಗ್ಗಿಲ್ಲ, ಯಾರಿಗೂ ಕೊಟ್ಟಿಲ್ಲ. ಆಗೆಲ್ಲ ಕ್ಯಾಸೆಟ್ಟಿನ ಕಾಲ; ಸುಮ್ಮನೆ ಸುತ್ತಿಸಿ ಪೋಲು ಮಾಡುವ ಹಾಗಿರಲಿಲ್ಲ. ಹಿಂದಿನ ಶಾಟ್‌ನಲ್ಲಿ ಏನಿತ್ತೋ ಮುಂದಿನದರಲ್ಲೂ ಅದೇ ಇರಬೇಕು. ಅದನ್ನು ನೋಡಿಕೊಳ್ಳುವ ಹುಡುಗಿ ಅಳುವ ಹಾಗಾದಳು. ನಾನು ಅಂಥದ್ದೇ ಚಮಚಕ್ಕಾಗಿ ಮನೆ ಮನೆ ಅಲೆದೆ. ಬೆವರು ಒರೆಸಿಕೊಂಡು ವಾಪಸು ಬಂದರೆ, ಬೋರಣ್ಣ ನಮ್ಮ ನಿರ್ದೇಶಕರ ಅಂಗಿಯ ಜೇಬಿಗೆ ಎರಡು ಬೆರಳು ಹಾಕಿ ಚಮಚ ಎಳೆದು ಹಿಡಿದಿದ್ದಾರೆ.

ನಮ್ಮ ನಿರ್ದೇಶಕರು ನಗಿಸುವ ಧಾರಾವಾಹಿ ಮಾಡುತ್ತಿದ್ದರೇ ಹೊರತು ತಾವು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. “ಬೋರಲಿಂಗಯ್ಯನವರೇ, ನನಗೆ ಬೇಕಾಗಿರೋದು ಕಂಟಿನ್ಯುಟಿ. ಕಣ್ಕಟ್ಟಲ್ಲ” ಎಂದರು.

“ಬೇಕೂ ಅಂತ ಮಾಡ್ನಿಲ್ಲ ಸಾರ್. ಕೈ ತಾನಾಗೇ ಮಾಡ್ಬುಡ್ತದೆ.”

ಸುತ್ತ ನಿಂತಿದ್ದ ಊರವರು ಬಿದ್ದು ಬಿದ್ದು ನಕ್ಕರು. ನಿರ್ದೇಶಕರು ನನ್ನ ಕಡೆ ತಿರುಗಿ, “ಪುಟ್ಟಸ್ವಾಮಿ, ಇವತ್ತಿನಿಂದ ಇವರ ಎರಡೂ ಕೈ ನಿಮ್ಮ ಜವಾಬ್ದಾರಿ” ಎಂದರು. ಎಮ್ಮೆ, ಟ್ಯಾಂಕರು, ಜನರೇಟರ್ ಜೊತೆಗೆ ಎರಡು ಕೈಗಳೂ ನನ್ನ ಲೆಕ್ಕಕ್ಕೆ ಸೇರಿದವು.

ಊಟದ ಹೊತ್ತಿನಲ್ಲಿ ಬೋರಣ್ಣ ನನ್ನ ಪಕ್ಕ ಕೂತರು. ಮುಖ ಬಾಡಿತ್ತು. ಬೈಗುಳಕ್ಕೆ ಬೇಜಾರಾಗಿದೆ ಎಂದುಕೊಂಡೆ. ಅದಲ್ಲ. “ನೋಡ್ದಾ ಪುಟ್ಸಾಮಿ? ಇದ್ದ ಚಮಚ ಗಾಳೀಲಿ ಮಾಯ ಆಗದೆ. ಒಬ್ರಾರ ಅಬ್ಬಾ ಅಂದ್ರಾ? ಬಾಯ್ ಮೇಲೆ ಕೈ ಇಟ್ಕಂಡ್ರಾ? ನಗ್ತಾವ್ರೆ!”

“ನಗಿಸೋದೇ ನಿಮ್ಮ ಕಸುಬಲ್ವಾ ಅಣ್ಣ?”

“ಅದು ಕಸುಬು ಕಣ್ಲಾ. ಇದು ಆಸೆ.”

ಆ ಆಸೆಯ ಗುರುಗಳು ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಓಣಿಯಲ್ಲಿದ್ದರು. ಗಫೂರ್ ಸಾಬರು. ಸ್ಟವ್, ಟಾರ್ಚು ರಿಪೇರಿ ಮಾಡುವ ಗೂಡಂಗಡಿ. ವಯಸ್ಸಿನಲ್ಲಿದ್ದಾಗ ಸಂತೆಯಿಂದ ಸಂತೆಗೆ ಜಾದೂ ಮಾಡಿಕೊಂಡು ತಿರುಗಿದವರು. ಆ ಕಡೆ ಶೂಟಿಂಗ್ ಇದ್ದರೆ ಬೋರಣ್ಣ ಬಿಡುವಾದ ತಕ್ಷಣ ಅಲ್ಲಿಗೆ ಓಡುತ್ತಿದ್ದರು. ಅವರ ಕೈ ನನ್ನ ಜವಾಬ್ದಾರಿಯಾದ್ದರಿಂದ ನಾನೂ ಹಿಂದೆ ಓಡುತ್ತಿದ್ದೆ.

ಸಾಬರ ಮನೆಯಲ್ಲಿ ಟೀವಿ ಇರಲಿಲ್ಲ. ಬೋರಣ್ಣ ಯಾರು ಎಂಬುದೇ ಅವರಿಗೆ ಗೊತ್ತಿಲ್ಲ. ಮೊದಲ ಸಲ ಬೋರಣ್ಣ ತಮ್ಮ ಹೆಸರಾಂತ ಹುಬ್ಬನ್ನು ಹಾರಿಸಿ ಮಾತಾಡಿದಾಗ ಸಾಬರು ಗಾಬರಿಯಾಗಿ, “ಕ್ಯಾ ಹುವಾ? ಕಣ್ಣಲ್ಲಿ ಏನಾದ್ರೂ ಬಿತ್ತಾ?” ಎಂದು ಕೇಳಿದರು. ನಾಲ್ಕು ತಾಲ್ಲೂಕಿನಲ್ಲಿ ಬೋರಣ್ಣನನ್ನು ಕಂಡು ನಗದವರು ಅವರೊಬ್ಬರೇ. ಅದಕ್ಕೇ ಬೋರಣ್ಣನಿಗೆ ಅವರೆಂದರೆ ಪ್ರಾಣ.

ಹಳೆಯ ಟಾರ್ಚ್ ಸೆಲ್ಲನ್ನು ಅಂಗೈಯಲ್ಲಿ ಅಡಗಿಸುವ ಪಾಠ ಆಗುತ್ತಿತ್ತು. ಸಾಬರು ಹೇಳುತ್ತಿದ್ದರು: “ಬೇಟಾ, ನಿಂದು ಮುಖಾನೇ ನಿಂಗೆ ದುಶ್ಮನ್. ಕೈ ಸುಳ್ಳು ಹೇಳೋವಾಗ ಮುಖ ಸುಮ್ನೆ ಇರ್ಬೇಕು. ನಿಂದು ಮುಖ ಊರಿಗೆಲ್ಲ ಡಂಗುರ ಹೊಡೀತದೆ.”

“ಅಂಗಾದ್ರೆ ಇದುವರ್ಗೂ ಯಾರೂ ಇಡೀನಿಲ್ವಲ್ಲ ಸಾಬ್ರೆ?”

“ನಗೋ ಮನ್ಶಂದು ಕಣ್ಣು ಮುಚ್ತದೆ. ಅದ್ಕೇ ನಿಂದು ತಪ್ಪು ಕಾಣ್ತಾ ಇಲ್ಲ. ನಗದೇ ಇರೋ ಜನದ ಮುಂದೆ ಒಂದ್ಸಲ ಮಾಡು. ಆಗ ಗೊತ್ತಾಗ್ತದೆ.”

ಬೋರಣ್ಣ ಸೆಲ್ಲನ್ನು ಮಾಯ ಮಾಡಿದರು. ಅದು ಟಕ್ಕನೆ ಸಾಬರ ಕಾಲ ಮೇಲೆ ಬಿತ್ತು.

ಇಂಥ ಗುರುವಿನ ಶಿಷ್ಯ ಚಮಚದಿಂದ ಪೆಟ್ಟಿಗೆಗೆ ಬಡ್ತಿ ಪಡೆದದ್ದು ತೊಣ್ಣೂರು ಕೆರೆಯ ಏರಿಯ ಮೇಲೆ. ಬೋರಣ್ಣ ಪಾಂಡವಪುರದ ಬಡಗಿಯ ಹತ್ತಿರ ಒಂದು ಮರದ ಪೆಟ್ಟಿಗೆ ಮಾಡಿಸಿದ್ದರು. ಅದರೊಳಗೆ ಒಬ್ಬರನ್ನು ಕೂರಿಸಿ ಹೊರಗಿನಿಂದ ಬೀಗ ಹಾಕುವುದು. ಒಳಗಿನವರು ಹಿಂದಿನ ಕಳ್ಳ ಹಲಗೆ ಸರಿಸಿ ಹೊರಬಂದು ಮರದ ಮರೆಯಿಂದ ನಡೆದು ಬರುವುದು. ಊಟದ ವಿರಾಮಕ್ಕೆ ಮುಂಚೆ, ನಿರ್ದೇಶಕರು ಕೆರೆಯ ಆಚೆ ಬದಿ ನೋಡಲು ಹೋಗಿದ್ದಾಗ, ಯೂನಿಟ್ಟಿನವರ ಮುಂದೆ ಪ್ರದರ್ಶನ. ಮೇಕಪ್ಪಿನವರ ಹೊಟ್ಟೆ ಪೆಟ್ಟಿಗೆಗೆ ಹಿಡಿಸಲಿಲ್ಲ. ಸಹಾಯಕ ನಿರ್ದೇಶಕರಿಗೆ ಬೆನ್ನುನೋವು. ಎಲ್ಲರೂ ನನ್ನನ್ನು ನೋಡಿದರು.

“ನನ್ ಕೈ ನಿನ್ ಜವಾಬ್ದಾರಿ ಅಲ್ವೇನ್ಲಾ? ಒಳಗಿದ್ರೆ ಇನ್ನೂ ಅತ್ರದಿಂದ ನೋಡ್ಕಬೋದು” ಎಂದರು ಬೋರಣ್ಣ.

ಒಳಗೆ ಕೂತೆ. ಮುಚ್ಚಳ ಬಿತ್ತು, ಬೀಗ ಬಿತ್ತು. ಹಿಂದಿನ ಹಲಗೆ ತಳ್ಳಿದೆ. ಹಿಂದಿನ ದಿನ ಮಳೆಯಲ್ಲಿ ನೆನೆದು ಮರ ಊದಿಕೊಂಡಿತ್ತು, ಕದಲಲಿಲ್ಲ. ಹೊರಗೆ ಬೋರಣ್ಣ ಇನ್ನೂ ಹುರುಪಿನಲ್ಲಿ, “ಈಗ ಬೀಗದ ಕೈಯೂ ಮಾಯ!” ಎಂದು ಎರಡು ಕೈಯನ್ನೂ ಗಾಳಿಗೆ ಬೀಸಿದರು. ಕೆರೆಯಲ್ಲಿ ಬುಳುಕ್ ಎಂದ ಸದ್ದು ನನಗೆ ಪೆಟ್ಟಿಗೆಯೊಳಗೂ ಕೇಳಿಸಿತು.

ಆಗ ನಿರ್ದೇಶಕರು ವಾಪಸು ಬಂದರು. “ಪುಟ್ಟಸ್ವಾಮಿ ಎಲ್ಲಿ?”

ಪೆಟ್ಟಿಗೆಯೊಳಗಿನಿಂದ, “ಇಲ್ಲೇ ಇದೀನಿ ಸರ್” ಎಂದೆ.

ಅವರ ಹೆಜ್ಜೆ ಪೆಟ್ಟಿಗೆಯ ಹತ್ತಿರ ಬಂದು ನಿಂತಿತು. ಆಮೇಲೆ, ದಿನವೂ ಕೇಳುವ ದನಿಯಲ್ಲೇ ಕೇಳಿದರು: “ನಾಳೆ ಎತ್ತಿನ ಗಾಡಿ ಹೇಳಿದೀರಾ?”

“ಹೇಳಿದೀನಿ ಸರ್.”

“ಜನರೇಟರ್ ಯಾಕೆ ಆನ್ ಆಗಿಲ್ಲ?”

“ಕೀ ನನ್ನ ಜೇಬಲ್ಲಿದೆ ಸರ್.”

“ಊಟ?”

“ಊಟದ ವ್ಯಾನಿನ ಕೀನೂ ಜೇಬಲ್ಲೇ ಇದೆ ಸರ್.”

ಅಲ್ಲಿಯವರೆಗೆ ನಗುತ್ತಿದ್ದ ಯೂನಿಟ್ಟಿಗೆ ಆ ಮಾತು ಕೇಳಿದ ಮೇಲೆ ನನ್ನ ಮೇಲೆ ಎಲ್ಲಿಲ್ಲದ ಕರುಣೆ ಬಂತು. ಏರಿಯ ಮೇಲೆ ಮೇಕೆ ಮೇಯಿಸುತ್ತಿದ್ದವರೊಬ್ಬರ ಕೊಡಲಿ ಇಸಿದುಕೊಂಡು ಪೆಟ್ಟಿಗೆ ಒಡೆದರು. ಮೇಕೆಯವರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. “ಒಳ್ಳೇ ಮರ ಕಣ್ರಪ್ಪ, ಒಬ್ಬ ಮನ್ಸನ್ಗೋಸ್ಕರ ಇಂಗಾ ಒಡ್ದಾಕೋದು?” ಎನ್ನುತ್ತಲೇ ಇದ್ದರು. ಹೊಸ ಹುಡುಗರೇ, ಎಲ್ಲ ಬೀಗದ ಕೈಗಳನ್ನೂ ಒಂದೇ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ಇಷ್ಟಾದ ಮೇಲೆ ಜಾದೂ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಕೆ.ಆರ್.ಪೇಟೆಯ ಕಡೆ ಒಂದು ಆಲೆಮನೆಯಲ್ಲಿ ಶೂಟಿಂಗ್ ಇಟ್ಟುಕೊಂಡೆವು. ಆಲೆಮನೆಯ ಒಡೆಯರು ಜವರೇಗೌಡರು. ಕಬ್ಬಿನ ಹಾಲು ಕೊಡಿಸಿ, ನೆರಳಿಗೆ ಚಪ್ಪರ ಹಾಕಿಸಿ, ನಮ್ಮನ್ನು ನೆಂಟರ ಹಾಗೆ ನೋಡಿಕೊಂಡರು. ಅವರಿಗೆ ಒಂದೇ ಬಯಕೆ: ಕಾಂಪೌಂಡರ್ ತಮಗೊಂದು ಜಾದೂ ತೋರಿಸಬೇಕು. ಯೂನಿಟ್ಟಿನವರೇ ಯಾರೋ ಕಿವಿಯೂದಿದ್ದರು. ಬೋರಣ್ಣನ ಕಣ್ಣು ಹೊಳೆಯಿತು. ಗೌಡರ ಬೆರಳಿನ ಉಂಗುರ ಇಸಿದುಕೊಂಡು ಮುಷ್ಟಿ ಮುಚ್ಚಿ ಬಿಚ್ಚಿದರು. ಉಂಗುರ ಇಲ್ಲ.

“ಎಲ್ಲೋಯ್ತು?” ಎಂದರು ಗೌಡರು, ನಗುತ್ತಾ.

“ನಿಮ್ ಬೆಲ್ದಲ್ಲೇ ಬತ್ತದೆ ಗೌಡ್ರೆ, ತಾಳಿ.”

ಅವರ ಯೋಜನೆ ಚೆನ್ನಾಗಿಯೇ ಇತ್ತು. ಅಚ್ಚಿಗೆ ಬಿಸಿ ಬೆಲ್ಲ ಹುಯ್ಯುತ್ತಿದ್ದ ಕಡೆ ಹೋಗಿ, ಯಾರೂ ನೋಡದಂತೆ ಮೂಲೆಯ ಒಂದು ಅಚ್ಚಿಗೆ ಉಂಗುರ ಇಳಿಬಿಟ್ಟು ಬಂದರು. ಬೆಲ್ಲ ಆರಿದ ಮೇಲೆ ಆ ಅಚ್ಚನ್ನು ಗೌಡರ ಕೈಗೇ ಕೊಟ್ಟು ಒಡೆಸಬೇಕು. ಅಷ್ಟರಲ್ಲಿ ನಿರ್ದೇಶಕರು ಶಾಟ್‌ಗೆ ಕರೆದರು. ಶಾಟ್ ಮುಗಿಸಿ ಬಂದು ನೋಡಿದರೆ ಆಳುಗಳು ಅಚ್ಚುಗಳನ್ನೆಲ್ಲ ಕೊಡವಿ, ಬೆಲ್ಲವನ್ನು ಒಂದೇ ರಾಶಿ ಮಾಡಿದ್ದಾರೆ. ಒಂದು ಬೆಲ್ಲದಚ್ಚಿಗೂ ಇನ್ನೊಂದಕ್ಕೂ ಏನು ಗುರುತು?

ಬೋರಣ್ಣ ನನ್ನನ್ನು ಚಪ್ಪರದ ಹಿಂದಕ್ಕೆ ಎಳೆದುಕೊಂಡು ಹೋದರು. “ಲೇ ಪುಟ್ಸಾಮಿ, ಕೆಟ್ಟೆ ಕಣ್ಲಾ. ಅದು ಅವ್ರ ಮಾವ ಮದ್ವೇಲಿ ಆಕಿದ್ ಉಂಗ್ರವಂತೆ.”

ನಾವಿಬ್ಬರೂ ಬೆಲ್ಲ ಕೊಳ್ಳುವವರ ಹಾಗೆ ನಟಿಸುತ್ತಾ ಒಂದೊಂದೇ ಅಚ್ಚು ಒಡೆಯಲು ಕೂತೆವು. ಒಡೆದದ್ದನ್ನು ಸುಮ್ಮನೆ ಬಿಡುವ ಹಾಗಿಲ್ಲವಲ್ಲ, ರುಚಿ ನೋಡುವವರ ಹಾಗೆ ತಿಂದೆವು. ಲೈಟಿನವರು ಬಂದು ಸೇರಿದರು. ಮೇಕಪ್ಪಿನವರು ಬಂದರು. ಎಲ್ಲರ ಕೈಯೂ ಅಂಟು; ಯಾರು ಏನು ಮುಟ್ಟಿದರೂ ಅದು ಬಿಡಿಸಿಕೊಳ್ಳುತ್ತಿಲ್ಲ. ಕ್ಯಾಮೆರಾಮನ್ ಲೆನ್ಸ್ ಮೇಲೆ ಬೆರಳಿನ ಗುರುತು ನೋಡಿ ಕಿರುಚಿದ. ಜವರೇಗೌಡರು ದೂರದಲ್ಲಿ ಕೂತು, “ಪ್ಯಾಟೆ ಜನಕ್ಕೆ ಬೆಲ್ಲ ಅಂದ್ರೆ ಏಟ್ ಆಸೆ ನೋಡಿ” ಎಂದು ಮೆಚ್ಚಿಕೊಳ್ಳುತ್ತಿದ್ದರು. ಉಂಗುರ ಮಾತ್ರ ಸಿಗಲಿಲ್ಲ. ಉಳಿದ ರಾಶಿಯನ್ನು ಟ್ರಾಕ್ಟರಿಗೆ ತುಂಬಲು ಶುರು ಮಾಡಿದರು. ಬೋರಣ್ಣನ ಮುಖದಲ್ಲಿ ರಕ್ತವಿಲ್ಲ.

ಅಷ್ಟರಲ್ಲಿ ಗೌಡರ ಮನೆಯವರು ಎಲ್ಲರಿಗೂ ಬೆಲ್ಲದ ಕಾಫಿ ತಂದರು. ಮೊದಲ ಲೋಟ ಗೌಡರಿಗೆ. ಅವರು ಕುಡಿದು ಮುಗಿಸುವಾಗ ಲೋಟದ ತಳದಲ್ಲಿ ಟಿಣ್ ಎಂದಿತು. ಬಗ್ಗಿಸಿದರೆ ಉಂಗುರ ಅಂಗೈಗೆ ಬಿತ್ತು. ಅಡುಗೆ ಮನೆಗೆ ಹೋಗಿದ್ದ ಅಚ್ಚು ಅದೇ ಆಗಿತ್ತು.

ಗೌಡರು ಎದ್ದು ನಿಂತುಬಿಟ್ಟರು. “ಅಲೆಲೆಲೆ! ಬೆಲ್ದಲ್ಲಿ ಬತ್ತದೆ ಅಂದಿದ್ದ ಕಣ್ರೋ! ನನ್ ಎಂಡ್ರು ಮಾಡುದ್ ಕಾಫೀಲಿ ಬಂತಲ್ಲಪ್ಪಾ!”

ಬೋರಣ್ಣ ಎದ್ದು, ಇದೆಲ್ಲ ದಿನನಿತ್ಯದ ಮಾತು ಎನ್ನುವ ಹಾಗೆ ಕೈಮುಗಿದರು. ಆದರೆ ಹಿಂದಿನ ಗಾಬರಿಗೆ ಹುಬ್ಬು ಇನ್ನೂ ಹಣೆಯ ಮೇಲೇ ನಿಂತಿತ್ತು. ಅದನ್ನು ನೋಡಿ ಆಲೆಮನೆಯ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೀಗೆ ಅವರ ಬಾಳಿನ ಅತಿ ದೊಡ್ಡ ಪವಾಡವೂ ನಗುವಿನಲ್ಲೇ ಮುಗಿಯಿತು.

ಕಾಲ ಬದಲಾಯಿತು. ಕ್ಯಾಸೆಟ್ಟು ಹೋಗಿ ಅಂಗೈಯಗಲದ ಕಾರ್ಡು ಬಂತು. ಮೊದಲು ಹತ್ತು ಸಲ ಅಭ್ಯಾಸ ಮಾಡಿ ಒಂದು ಸಲ ತೆಗೆಯುತ್ತಿದ್ದೆವು, ಈಗ ಅಭ್ಯಾಸವನ್ನೇ ತೆಗೆಯುತ್ತಾರೆ. ನೋಡುವ ಜನರೂ ಆಳಿಗೊಂದು ಕ್ಯಾಮೆರಾ ಹಿಡಿದು ಬರತೊಡಗಿದರು. ಪಾಂಡವಪುರದ ಒಂದು ಸಮಾರಂಭದಲ್ಲಿ ಬೋರಣ್ಣ ಚೆಂಡು ಮಾಯ ಮಾಡಿದರು. ಕಾರ್ಯಕ್ರಮ ಮುಗಿದ ಮೇಲೆ ಕಾಲೇಜು ಓದುವ ಒಬ್ಬ ಹುಡುಗಿ ಬಹಳ ವಿನಯದಿಂದ ಬಂದು ತನ್ನ ಫೋನು ತೋರಿಸಿದಳು. “ಅಂಕಲ್, ಸ್ಲೋ ಮೋಷನ್ ಮಾಡಿದೀನಿ. ಇಲ್ಲಿ ನೋಡಿ, ನಿಮ್ಮ ಎಡಗೈ ಕಿರುಬೆರಳು. ಚೆಂಡು ಇಲ್ಲಿಂದ ತೋಳಿಗೆ ಹೋಯ್ತು.”

ಬೋರಣ್ಣ ತಮ್ಮ ಜಾದೂವನ್ನು ತಾವೇ ಮೊದಲ ಸಲ ನೋಡಿದರು. “ಅವ್ದು ಕಣವ್ವ. ಅಲ್ಲಿಂದ್ಲೇ ಓಯ್ತು” ಎಂದರು.

ಮನೆಗೆ ಹೋಗುವ ದಾರಿಯಲ್ಲಿ ನನಗೆ ಹೇಳಿದರು: “ಮುಗೀತು ಪುಟ್ಸಾಮಿ. ಸ್ಲೋ ಮೋಷನ್ನಲ್ ನೋಡುದ್ರೆ ದೇವ್ರ ಕೈಲೂ ಪವಾಡ ಆಗಕಿಲ್ಲ.” ಜಾದೂ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿದರು. ಧಾರಾವಾಹಿಯಲ್ಲಿ ಕಂಟಿನ್ಯುಟಿ ಸುಧಾರಿಸಿತು. ನನಗೆ ಹಾಯೆನಿಸಬೇಕಿತ್ತು; ಬಿಡುವಿನ ಹೊತ್ತಿನಲ್ಲಿ ಅವರ ಕೈಗಳು ಸುಮ್ಮನೆ ತೊಡೆಯ ಮೇಲೆ ಬಿದ್ದಿರುವುದನ್ನು ನೋಡಿದರೆ ಹಾಗೆನಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸೆಟ್ಟಿನಲ್ಲಿ ಬೋರಣ್ಣ ಟೀ ಕುಡಿಯುತ್ತಿದ್ದರು. ಟೀ ಬಾಯಿಯ ಬಲಗಡೆಯಿಂದ ಅಂಗಿಯ ಮೇಲೆ ಸುರಿಯಿತು. ಅವರು ತಲೆಯೆತ್ತಿ ನೋಡಿದರು. ಎಡ ಹುಬ್ಬು ಮೇಲೆ, ಬಲ ಹುಬ್ಬು ಇದ್ದಲ್ಲೇ. ತುಟಿ ಒಂದು ಕಡೆಗೆ ಜೋತಿತ್ತು. ಯೂನಿಟ್ಟು ಘೊಳ್ಳೆಂದು ನಕ್ಕಿತು. “ಸೂಪರ್ ಸರ್! ಇನ್ನೊಂದ್ಸಲ ಮಾಡಿ!” ಎಂದರು ಯಾರೋ. ಬೋರಣ್ಣ ಏನೋ ಹೇಳಲು ಹೋದರು. ಮಾತು ತೊದಲಿತು. ಇನ್ನೂ ನಕ್ಕರು. ಅವರ ಬಲಗಣ್ಣು ಮುಚ್ಚುತ್ತಿಲ್ಲ ಎಂಬುದು ನನಗೆ ಆಗ ಕಾಣಿಸಿತು.

“ಕಟ್!” ಎಂದು ನಿರ್ದೇಶಕರು ಕೂಗಿದರು. ಕ್ಯಾಮೆರಾ ಓಡುತ್ತಲೇ ಇರಲಿಲ್ಲ. ಆದರೂ ಎಲ್ಲರೂ ತಟ್ಟನೆ ಸುಮ್ಮನಾದರು. ಅವರು ಹತ್ತಿರ ಬಂದು ಬೋರಣ್ಣನ ಕೈಯಿಂದ ಲೋಟ ತೆಗೆದುಕೊಂಡು, ತಮ್ಮ ಕರವಸ್ತ್ರದಿಂದ ಅವರ ಗಲ್ಲ ಒರೆಸಿದರು. “ಪುಟ್ಟಸ್ವಾಮಿ, ಗಾಡಿ ತೆಗೀರಿ.”

ಮೈಸೂರಿನ ವೈದ್ಯರು ಪರೀಕ್ಷೆ ಮಾಡಿ, ಮುಖದ ನರ ಸೋತಿದೆ, ಜೀವಕ್ಕೇನೂ ಭಯವಿಲ್ಲ, ಸಾಮಾನ್ಯವಾಗಿ ವಾಪಸು ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದರು. ತುಟಿ ಕೂಡದಿದ್ದರಿಂದ ಪ, ಬ ಅಕ್ಷರಗಳು ಬೋರಣ್ಣನ ಕೈಗೆ ಸಿಗುತ್ತಿರಲಿಲ್ಲ. ನಾನು ‘ಹುಟ್ಟಸ್ವಾಮಿ’ಯಾದೆ. ಅವರ ಮಾತನ್ನು ಹಾಗೆ ಹಾಗೇ ಬರೆದರೆ ನಿಮಗೆ ಅರ್ಥವಾಗದು, ಸರಿಮಾಡಿ ಬರೆಯುತ್ತೇನೆ. ವಾಹಿನಿಯವರು ಕಾಂಪೌಂಡರನ್ನು ಕಥೆಯಲ್ಲಿ ತೀರ್ಥಯಾತ್ರೆಗೆ ಕಳಿಸಿ ಎಂದರು. ಬೇಗ ಬಾರದಿದ್ದರೆ ಬೇರೆ ಹಾಸ್ಯನಟ ಸಿದ್ಧನಿದ್ದ. ಯಾತ್ರೆಗೆ ಹೋದ ಪಾತ್ರಗಳು ಧಾರಾವಾಹಿಗೆ ವಾಪಸು ಬರುವುದು ಅಪರೂಪ ಎಂದು ಬೋರಣ್ಣನಿಗೂ ಗೊತ್ತು, ನನಗೂ ಗೊತ್ತು.

ಇದರ ನಡುವೆ ನಾಗಮಂಗಲದ ಒಂದು ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ ಮೊದಲೇ ಒಪ್ಪಿಕೊಂಡಿದ್ದರು. “ಆಗಲ್ಲ ಅಂತ ಹೇಳ್ಬಿಡ್ಲಾ ಅಣ್ಣ?” ಎಂದೆ.

“ಬ್ಯಾಡ. ಮುಖ ಇಲ್ದಿದ್ರೆ ಕೈ ಅವೆ. ಅಟ್ಟದ್ ಮೇಲಿರೋದ್ ಇಳುಸು.”

ಸಾಬರ ಅಂಗಡಿಗೆ ಕರೆದುಕೊಂಡು ಹೋದೆ. ವಯಸ್ಸಾಗಿ ಅವರ ಕಣ್ಣು ಮಂಜಾಗಿತ್ತು. ಬೋರಣ್ಣನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. “ಮಾಷಾ ಅಲ್ಲಾ!” ಎಂದರು. “ಈಗ ಮುಖ ಸರಿ ಆಯ್ತು!”

ಕಾಯಿಲೆ ಬಂದ ಮೇಲೆ ಬೋರಣ್ಣನ ಗಂಟಲಿನಿಂದ ನಗುವಿನ ಸದ್ದು ಬಂದದ್ದು ಅದೇ ಮೊದಲು. ಅವತ್ತಿನಿಂದ ದಿನವೂ ಪಾಠ. ಫೋನುಗಳ ಕಾಟಕ್ಕೂ ಸಾಬರ ಹತ್ತಿರ ಮದ್ದಿತ್ತು: “ನೋಡೋವ್ರ ಕೈಗೆ ಕೆಲಸ ಕೊಡು. ಕೈ ಖಾಲಿ ಇದ್ರೆ ತಾನೇ ಫೋನು?”

ನಾಗಮಂಗಲದಲ್ಲಿ ಬೋರಣ್ಣ ತಲೆಗೆ ದೊಡ್ಡ ಪೇಟ ಸುತ್ತಿ, ಕಪ್ಪು ಕನ್ನಡಕ ಹಾಕಿ, ತಮ್ಮ ಹೆಸರು ಹೇಳಬೇಡಿ, ಪಾಂಡವಪುರದ ಜಾದೂಗಾರ ಎಂದಷ್ಟೇ ಹೇಳಿ ಎಂದು ಸಂಘದವರನ್ನು ಕೇಳಿಕೊಂಡರು. ಮಾತೆಲ್ಲ ನನ್ನದು. “ಅವ್ವಂದಿರೆಲ್ಲ ಸೆರಗಿನ ತುದೀಲಿ ಒಂದು ಗಂಟು ಹಾಕಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡ್ಕೊಳ್ಳಿ. ಸಡಿಲ ಬಿಟ್ರೆ ಜಾದೂ ಕೆಡುತ್ತೆ” ಎಂದೆ. ಸಭೆಯ ಫೋನುಗಳೆಲ್ಲ ಮಡಿಲಿಗೆ ಇಳಿದವು. ವೇದಿಕೆಯ ಮೇಲಿದ್ದ ಅತಿಥಿಯೊಬ್ಬರು ತಮ್ಮ ಶಾಲಿಗೆ ಗಂಟು ಹಾಕಿ ಹಿಡಿದು ಕೂತರು.

ಹಗ್ಗಕ್ಕೆ ಹಾಕಿದ ಗಂಟು ಬೋರಣ್ಣ ಊದಿದರೆ ಕರಗಿತು. ಚೆಂಡು ಒಂದಿದ್ದದ್ದು ಮೂರಾಗಿ ಮತ್ತೆ ಒಂದೂ ಇಲ್ಲವಾಯಿತು. ಒಂದೂ ತಪ್ಪಲಿಲ್ಲ. ಆ ಮುಖ ಕಲ್ಲಿನ ಹಾಗೆ ಇತ್ತು. ಹೆಂಗಸರು ಉಸಿರು ಬಿಗಿಹಿಡಿದು ಕೂತಿದ್ದರು. ಎಷ್ಟೋ ಜನ ಗಂಟು ಬಿಟ್ಟು ಬಾಯಿ ಮೇಲೆ ಕೈ ಇಟ್ಟುಕೊಂಡರು. ಕೊನೆಗೆ ಚಪ್ಪಾಳೆ ಮಳೆ ಬಿದ್ದ ಹಾಗೆ ಬಿತ್ತು. ಅವರು ಬಾಳೆಲ್ಲ ಬಯಸಿದ್ದು ಇದೇ.

ವೇದಿಕೆಯ ಹಿಂದೆ ಕುರ್ಚಿಯಲ್ಲಿ ಕೂತು ಪೇಟ ತೆಗೆದರು. “ಎಂಗಿತ್ಲಾ?”

“ಒಂದು ತಪ್ಪಿಲ್ಲ ಅಣ್ಣ.”

“ಒಬ್ರಾರ ನಕ್ರಾ?”

“ಇಲ್ಲ ಅಣ್ಣ. ಒಬ್ಬರೂ ನಗಲಿಲ್ಲ.”

“ಊಂ” ಎಂದರು. ಗೆದ್ದವರ ಹಾಗೆ ಕಾಣಲಿಲ್ಲ.

ಆಗ ಒಬ್ಬ ಅಜ್ಜಿ ಪರದೆ ಸರಿಸಿಕೊಂಡು ಬಂದರು. ಕೈಯಲ್ಲಿ ಒಂದು ಪೊಟ್ಟಣ. “ಯಾಕಪ್ಪ, ಕಾಂಪೌಂಡ್ರು ಬತ್ತಾನೆ ಅಂದಿದ್ರು. ಬರ್ನೇ ಇಲ್ವಲ್ಲ?” ಎಂದು ಬೋರಣ್ಣನನ್ನೇ ಕೇಳಿದರು.

ಬೋರಣ್ಣ, “ಜಾದೂ ಸಂದಾಗಿರ್ನಿಲ್ವಾ ಅವ್ವ?” ಎಂದರು.

“ಸಂದಾಗಿತ್ತು ಬುಡಪ್ಪ. ಎದೆ ಡವಡವ ಅಂತಿತ್ತು. ನಿನ್ ಕಂಡ್ರೆ ಭಯ ಆಯ್ತದೆ. ನಾ ಬಂದಿದ್ದು ಅವನ್ ನೋಡಾಕೆ. ದಿನಾ ಸಂಜೆ ನಮ್ಮನೇಗ್ ಬತ್ತಾನೆ, ಏಟೊಂದ್ ನಗುಸ್ತಾನೆ. ಒಂದಿನಾನೂ ಏನೂ ತಿನ್ದೇ ಎದ್ದೋಯ್ತಾನೆ. ಅದ್ಕೇ ತಂಬಿಟ್ಟು ಮಾಡ್ಕಂಡ್ ಬಂದಿದ್ದೆ. ಸಿಕ್ರೆ ಕೊಟ್ಬುಡು.”

ಬೋರಣ್ಣ ಎರಡು ಕೈಯಲ್ಲೂ ಪೊಟ್ಟಣ ತೆಗೆದುಕೊಂಡರು. “ಅವನ್ಗೆ ಉಸಾರಿಲ್ಲ ಕಣವ್ವ.”

“ಅಯ್ಯೋ, ಊರ್ಗೆಲ್ಲ ಔಸ್ತಿ ಕೊಡೋನ್ಗೆ ಉಸಾರಿಲ್ವಾ!” ಎಂದು ಅಜ್ಜಿ ಗಲ್ಲದ ಮೇಲೆ ಬೆರಳಿಟ್ಟರು. “ತಾನ್ ಕೊಡೋ ಔಸ್ತೀಯ ತಾನೇ ಏನಾರ ಕುಡ್ದ್ಬುಟ್ನಾ?”

ಬೋರಣ್ಣನಿಗೆ ತಡೆಯಲಾಗಲಿಲ್ಲ. ಮುಖದ ಎಡ ಅರ್ಧ ನಕ್ಕಿತು. ಎಡ ಹುಬ್ಬು ಕನ್ನಡಕದಿಂದ ಹೊರಗೆ ಹಾರಿ ಹಣೆಯ ಮೇಲಕ್ಕೆ ಹೋಯಿತು. ಅಜ್ಜಿ ಹತ್ತಿರ ಬಗ್ಗಿ ನೋಡಿದರು. ಕನ್ನಡಕವನ್ನು ತಾವೇ ಕಿತ್ತು ತೆಗೆದರು.

“ಅಯ್ಯೋ ನನ್ ಕಂದಾ! ನೀನೇ ಕಣ್ಲಾ! ಇವ್ನೇ ಕಣ್ರವ್ವೋ, ಬನ್ರೋ!”

ಸಭೆಯೇ ಎದ್ದು ಬಂತು. ಯಾರೋ ಮಂಡಿನೋವಿಗೆ ಔಷಧಿ ಕೇಳಿದರು, ಇನ್ಯಾರೋ ಸೊಂಟನೋವು ಎಂದರು. ಬೋರಣ್ಣ ಪೇಟ ಎಸೆದು ಮತ್ತೆ ವೇದಿಕೆ ಹತ್ತಿದರು. ಕೈಯಲ್ಲಿ ಹಗ್ಗವಿಲ್ಲ, ಚೆಂಡಿಲ್ಲ. ಕೈ ಎರಡೂ ಬೆನ್ನ ಹಿಂದೆ. ಪ, ಬ ಇಲ್ಲದ ಮಾತಿನಲ್ಲಿ, ತಪ್ಪು ಔಷಧಿ ಕುಡಿದು ಅರ್ಧ ಮುಖ ಕಳೆದುಕೊಂಡ ಕಾಂಪೌಂಡರನ ಕಥೆಯನ್ನು ನಿಂತ ನಿಲುವಿನಲ್ಲಿ ಕಟ್ಟಿ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡು ನಕ್ಕರು. ಅತಿಥಿಯವರು ಮಾತ್ರ ಶಾಲಿನ ಗಂಟನ್ನು ಬಿಗಿಯಾಗಿ ಹಿಡಿದೇ ನಗುತ್ತಿದ್ದರು. ಬಿಡಬಹುದು ಎಂದು ನಾನು ಹೇಳುವುದು ಮರೆತಿದ್ದೆ.

ಆಮೇಲೆ ನಾನು ನಿರ್ದೇಶಕರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. “ಯಾತ್ರೆ ಕ್ಯಾನ್ಸಲ್. ಅಜ್ಜಿ ಹೇಳಿದ ಕಥೆಯನ್ನೇ ಮಾಡೋಣ. ನಾಳೆ ಕರ್ಕೊಂಡು ಬನ್ನಿ” ಎಂದರು. ಮುಂದೆ ಆ ಕಂತುಗಳು ಮನೆಮಾತಾದದ್ದು, ನಿಧಾನವಾಗಿ ಅವರ ಮುಖ ವಾಪಸು ಬಂದದ್ದು ಟೀವಿ ನೋಡಿದವರಿಗೆಲ್ಲ ಗೊತ್ತು.

ಆ ದಿನ ನಾಗಮಂಗಲದಿಂದ ಹಿಂತಿರುಗುವಾಗ ಇನ್ನೂ ಬಿಸಿಲಿತ್ತು. ಬೋರಣ್ಣ ಕಿಟಕಿಯ ಪಕ್ಕ ಕೂತು, ಎಡಗಡೆಯ ದವಡೆಯಲ್ಲಿ ತಂಬಿಟ್ಟು ಅಗಿಯುತ್ತಾ, ಏನೋ ಯೋಚನೆಯಲ್ಲಿದ್ದರು. ಏನು ಅಣ್ಣ ಎಂದೆ.

“ಅಲ್ಲ ಕಣ್ಲಾ, ಹುಟ್ಸಾಮಿ,” ಎಂದರು. “ಅರ್ಧ ಮುಖಕ್ಕೇ ಇಷ್ಟ್ ನಗ್ತಾರೆ ಅಂದ್ರೆ, ಇನ್ನರ್ಧಾನ ಇಷ್ಟ್ ವರ್ಸ ಸುಮ್ಕೆ ದಂಡ ಮಾಡ್ಬುಟ್ನಲ್ಲೋ.”